ಅಪ್ಪಣೆ ಬೇಡದ ಅಂಗಿ

ಪುಣೆಯ ಹಿಂಜವಡಿಯಲ್ಲಾಗಲಿ ಹೈದರಾಬಾದಿನ ಮಾದಾಪುರದಲ್ಲಾಗಲಿ ಮೇಲೇಳುತ್ತಿರುವ ಯಾವುದಾದರೂ ಕಟ್ಟಡದ ಮುಂದೆ ಒಂದು ಗಳಿಗೆ ನಿಂತು ನೋಡಿ. ಯಾದಗಿರಿ, ಕಲಬುರಗಿ, ರಾಯಚೂರಿನ ಕಡೆಯಿಂದ ಗುಳೆ ಬಂದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಇಟ್ಟಿಗೆ ಹೊರುತ್ತಿರುತ್ತಾರೆ. ಗಂಡನದೋ ಅಣ್ಣನದೋ ಹಳೆಯ ಅಂಗಿ ಅದು. ಬಿಸಿಲಿಗೆ, ಸಿಮೆಂಟಿನ ಧೂಳಿಗೆ, ಮೈ ತರಚುವ ಮರಳಿಗೆ ಅಡ್ಡವಾಗಿ ಅದನ್ನು ತೊಟ್ಟಿದ್ದಾರೆ. ಊರಿನ ಹೊಲದಲ್ಲಿ ಹತ್ತಿ ಬಿಡಿಸುವಾಗಲೂ ಅವರ ಉಡುಪು ಇದೇ. ಈ ಹೆಂಗಸರನ್ನು ಅಂಗಿಯ ಕಾರಣಕ್ಕೆ ಯಾರಾದರೂ ‘ಗಂಡುಬೀರಿ’ ಎಂದು ಕರೆದದ್ದನ್ನು ನಾವು ಕೇಳಿಲ್ಲ.

ದಿಲ್ಲಿಯ ಮೆಟ್ರೋ ನಿಲ್ದಾಣಗಳಲ್ಲಿ ಹೆಂಗಸರ ಸಾಲನ್ನು ತಪಾಸಣೆ ಮಾಡುವ ಸಿ.ಐ.ಎಸ್.ಎಫ್. ಮಹಿಳಾ ಸಿಬ್ಬಂದಿ ತೊಡುವುದು ಅಂಗಿ, ಪ್ಯಾಂಟು, ಬೆಲ್ಟು, ಬೂಟು. ಪೊಲೀಸ್ ಇಲಾಖೆಯಲ್ಲಿಯೂ ಎನ್.ಸಿ.ಸಿ. ಕವಾಯತಿನಲ್ಲಿಯೂ ಹಾಗೆಯೇ. ಮಗಳು ಆ ಸಮವಸ್ತ್ರದಲ್ಲಿ ಎದೆಯೆತ್ತಿ ನಿಂತ ಪಟವನ್ನು ತಂದೆತಾಯಿ ಹಜಾರದ ಗೋಡೆಗೆ ತೂಗುಹಾಕುತ್ತಾರೆ. ಇನ್ನು ರಂಗಭೂಮಿ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ಕಂಸನಂಥ ಪಾತ್ರಗಳನ್ನು ತಾವೇ ಮಾಡಿದರು. ಕನ್ನಡ ಪ್ರೇಕ್ಷಕರು ಟಿಕೇಟು ಕೊಂಡು ನೋಡಿ ಮೆಚ್ಚಿದರು. ಸರ್ಕಾರ 2012ರಲ್ಲಿ ಪದ್ಮಶ್ರೀ ಕೊಟ್ಟು ಗೌರವಿಸಿತು.

ಹಾಗಾದರೆ ಹೆಣ್ಣಿಗೆ ಗಂಡಿನ ಉಡುಪು ನಮ್ಮ ಸಮಾಜದಲ್ಲಿ ಎಂದೂ ನಿಷಿದ್ಧವಾಗಿರಲಿಲ್ಲ. ದುಡಿಮೆಗಾದರೆ ತೊಡಬಹುದು, ಕರ್ತವ್ಯಕ್ಕಾದರೆ ತೊಡಬಹುದು, ನಾಟಕಕ್ಕಾದರೆ ತೊಡಬಹುದು. ತನಗಾಗಿ, ತನಗೆ ಚೆಂದ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ತೊಟ್ಟರೆ ಮಾತ್ರ ಮನೆಯವರ ಹುಬ್ಬು ಗಂಟಾಗುತ್ತದೆ. ಈ ಕೊನೆಯ ಕಾರಣವೂ ಕಾರಣವೇ ಎಂಬುದು ನಮ್ಮ ವಾದ.

‘ನಾವು’ ಎಂದರೆ ಯಾರು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾವು ಉದ್ಯೋಗದ ನಿಮಿತ್ತ ಕರ್ನಾಟಕದಿಂದ ಹೊರಗೆ ನೆಲೆಸಿದ ಕನ್ನಡದ ಹೆಂಗಸರು. ಹೆಂಗಸರನ್ನು ಪ್ರೀತಿಸುವ ಹೆಂಗಸರು. ಇಂದಿನ ಹುಡುಗಿಯರು ‘ಕ್ವಿಯರ್’ ಎಂಬ ಪದವನ್ನು ಸಲೀಸಾಗಿ ಬಳಸುತ್ತಾರೆ. ನಾವು ಇಪ್ಪತ್ತರ ಪ್ರಾಯದಲ್ಲಿದ್ದಾಗ ಆ ಪದ ನಮಗೆ ಇಂಗ್ಲಿಷ್ ಎಂ.ಎ. ತರಗತಿಯ ಟಿಪ್ಪಣಿಗಳಲ್ಲಿ ಮಾತ್ರ ಸಿಗುತ್ತಿತ್ತು. ಈಗ ನಲವತ್ತು ದಾಟಿದ್ದೇವೆ. ವರ್ಗಾವಣೆಯ ಆದೇಶ ಬಂದಾಗ ಪೆಟ್ಟಿಗೆ ಕಟ್ಟುತ್ತೇವೆ, ತುಟ್ಟಿಭತ್ಯೆಯ ಲೆಕ್ಕ ಹಾಕುತ್ತೇವೆ, ಮತ್ತು ಬಟ್ಟೆಯಂಗಡಿಯಲ್ಲಿ ಗಂಡಸರ ವಿಭಾಗಕ್ಕೆ ಹೋಗುತ್ತೇವೆ. ಹೆಂಗಸರನ್ನು ಪ್ರೀತಿಸುವವರೆಲ್ಲ ಹೀಗೆ ಉಡುವುದಿಲ್ಲ. ರೇಷ್ಮೆ ಸೀರೆ, ಮೊಗ್ಗಿನ ಜಡೆಗಳನ್ನು ಬಿಡದವರೂ ನಮ್ಮಲ್ಲಿದ್ದಾರೆ. ಹಾಗೆಯೇ ಗಂಡಸರ ಉಡುಪು ತೊಡುವವರೆಲ್ಲರೂ ನಮ್ಮಂಥವರಲ್ಲ. ತಾವು ಗಂಡಸರೇ ಎಂದು ತಿಳಿದು ಬಾಳುವ ಟ್ರಾನ್ಸ್ ಪುರುಷರ ಬದುಕು ಬೇರೆ, ಅದರ ಕಷ್ಟಗಳೂ ಬೇರೆ. ನಾವು ಹೆಂಗಸರೇ. ನಮ್ಮ ಅಂಗಿಯ ಗುಂಡಿ ಮಾತ್ರ ಬಲಗಡೆಗಿದೆ.

‘ಅಗತ್ಯವಿದ್ದರೆ ಸರಿ, ಇಷ್ಟಕ್ಕಾದರೆ ತಪ್ಪು’ ಎಂಬ ನಿಯಮ ನಮ್ಮ ನಾಡಿನದು ಮಾತ್ರವಲ್ಲ. 1800ರಲ್ಲಿ ಪ್ಯಾರಿಸಿನ ಪೊಲೀಸರು ಹೊರಡಿಸಿದ ಆಜ್ಞೆಯೊಂದರ ಪ್ರಕಾರ ಗಂಡಸಿನಂತೆ ಉಡಲು ಬಯಸುವ ಹೆಣ್ಣು ಅವರ ಅನುಮತಿ ಪತ್ರ ಪಡೆಯಬೇಕಿತ್ತು. ಅದಕ್ಕೆ ಆರೋಗ್ಯದ ಕಾರಣ ಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಪ್ರಾಣಿಗಳ ಚಿತ್ರಗಳಿಗೆ ಹೆಸರಾದ ರೋಸಾ ಬೊನ್ಹರ್ 1857ರಲ್ಲಿ ಪಡೆದ ಅಂಥ ಪತ್ರವೊಂದು ಇಂದಿಗೂ ಪ್ರಸಿದ್ಧವಾಗಿದೆ. ಅದರ ಅವಧಿ ಆರು ತಿಂಗಳು. ಮುಗಿದ ಮೇಲೆ ನವೀಕರಣ. ಸರ್ಕಾರಿ ಕಚೇರಿಯಲ್ಲಿ ಕಡತ ತಿರುವುವ ನಮಗೆ ಇದನ್ನು ಓದಿ ನಗು ಬರುತ್ತದೆ, ಜೊತೆಗೆ ಕಸಿವಿಸಿಯೂ ಆಗುತ್ತದೆ. ಕುದುರೆ ಸಂತೆಗೂ ಕಸಾಯಿಖಾನೆಗೂ ಹೋಗಿ ಚಿತ್ರ ಬರೆಯಲು ಆ ಉಡುಪು ಬೇಕು ಎಂಬುದು ಆಕೆ ಕೊಡುತ್ತಿದ್ದ ಸಮಜಾಯಿಷಿ. ಆಕೆ ನಥಾಲಿ ಮಿಕಾ ಎಂಬ ಗೆಳತಿಯೊಡನೆ ದಶಕಗಳ ಕಾಲ ಸಂಸಾರ ಮಾಡಿದಳು ಎಂಬುದು ಯಾವ ಅರ್ಜಿಯಲ್ಲಿಯೂ ಬರೆಯುವಂಥ ಕಾರಣವಾಗಿರಲಿಲ್ಲ. ಮುಂದೆ 1892ರಲ್ಲಿ ಮತ್ತು 1909ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ, ಹೆಣ್ಣಿನ ಕೈಯಲ್ಲಿ ಕುದುರೆಯ ಲಗಾಮೋ ಸೈಕಲ್ಲಿನ ಹ್ಯಾಂಡಲೋ ಇದ್ದರೆ ಪ್ಯಾಂಟು ತೊಡಬಹುದು ಎಂದರು. ಸೈಕಲ್ಲಿನಿಂದ ಇಳಿದ ಕೂಡಲೆ ಏನು ಮಾಡಬೇಕಿತ್ತೋ! ಆ ಆಜ್ಞೆ ಇನ್ನು ಊರ್ಜಿತವಲ್ಲ ಎಂದು ಫ್ರಾನ್ಸ್ ಸರ್ಕಾರ ವಿಧಿವತ್ತಾಗಿ ಹೇಳಿದ್ದು 2013ರಲ್ಲಿ.

ಸಾಹಿತ್ಯದಲ್ಲಿಯೂ ಇದೇ ಕಥೆ. ನಾವು ಪಾಠವಾಗಿ ಓದಿದ ಷೇಕ್ಸ್‌ಪಿಯರನ ನಾಟಕಗಳಲ್ಲಿ ಪೋರ್ಷಿಯಾ ವಕೀಲನ ವೇಷ ಹಾಕುವುದು ಒಬ್ಬನ ಪ್ರಾಣ ಉಳಿಸಲು. ರೋಸಲಿಂಡ್ ಗಂಡಾಗುವುದು ಕಾಡಿನ ದಾರಿಯ ಭಯಕ್ಕೆ. ಕೆಲಸ ಮುಗಿದ ಮೇಲೆ ಇಬ್ಬರೂ ವೇಷ ಕಳಚಿ ಮದುವೆಯ ಮನೆಗೆ ಮರಳುತ್ತಾರೆ. ‘ಟ್ವೆಲ್ಫ್ತ್ ನೈಟ್’ನ ವಯೋಲಾ ಮಾತ್ರ ಈ ಕ್ರಮಕ್ಕೆ ಹೊರತು. ಅವಳ ಹೆಣ್ಣುಡುಪು ಹಡಗಿನ ಕ್ಯಾಪ್ಟನನ ಬಳಿ ಉಳಿದಿದೆ, ಆ ಕ್ಯಾಪ್ಟನ್ ಸೆರೆಯಲ್ಲಿದ್ದಾನೆ. ಹೀಗಾಗಿ ಅವಳು ಉಡುಪು ಬದಲಿಸುವ ಮೊದಲೇ ನಾಟಕ ಮುಗಿದುಹೋಗುತ್ತದೆ. ಡ್ಯೂಕ್ ಕೊನೆಯವರೆಗೂ ಅವಳನ್ನು ಸಿಸಾರಿಯೋ ಎಂಬ ಗಂಡು ಹೆಸರಿನಿಂದಲೇ ಕರೆಯುತ್ತಾನೆ. ತರಗತಿಯಲ್ಲಿ ಅಧ್ಯಾಪಕರು ಇದನ್ನು ಹಾಸ್ಯವೆಂದು ವಿವರಿಸಿ ಮುಂದಕ್ಕೆ ಹೋದರು. ಹಿಂದಿನ ಬೆಂಚಿನಲ್ಲಿದ್ದ ನಮಗೆ ಅಲ್ಲಿಯೇ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿತ್ತು.

ನಿಲ್ಲಬೇಕೆನಿಸಿದ್ದಕ್ಕೆ ಕಾರಣವಿತ್ತು. ಆ ಕಥೆಗಳಲ್ಲೆಲ್ಲ ಗಂಡಿನ ಉಡುಪು ಒಂದು ಮರೆ. ನಮ್ಮ ಅನುಭವದಲ್ಲಿ ಮರೆಯಾಗಿದ್ದದ್ದು ಅದಕ್ಕೆ ಮುಂಚಿನ ಉಡುಪು. ಲಂಗ ದಾವಣಿ ಕೆಟ್ಟದ್ದೆಂದಲ್ಲ. ಅದು ನಮ್ಮ ಅಕ್ಕನಿಗೆ ಒಪ್ಪುತ್ತಿತ್ತು, ನಮಗೂ ಅವಳ ಮೇಲೆ ಅದನ್ನು ನೋಡುವುದು ಇಷ್ಟವಾಗಿತ್ತು. ಆದರೆ ಅದನ್ನು ನಾವು ಉಟ್ಟಾಗ ಪಟದಲ್ಲಿ ಕಾಣುವ ಹುಡುಗಿ ಯಾರೋ ದೂರದ ನೆಂಟಳಂತೆ ತೋರುತ್ತಿದ್ದಳು. 1998ರಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದ ದೀಪಾ ಮೆಹ್ತಾರ ‘ಫೈರ್’ ಚಿತ್ರದಲ್ಲಿ ಹೊಸ ಮದುವಣಗಿತ್ತಿ ಸೀತಾ ಗಂಡನ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ಕುಣಿಯುವ ದೃಶ್ಯವಿದೆ. ಆ ಡಿಸೆಂಬರಿನಲ್ಲಿ ಮುಂಬಯಿ, ದಿಲ್ಲಿಗಳಲ್ಲಿ ಚಿತ್ರಮಂದಿರಗಳ ಮೇಲೆ ದಾಳಿಗಳಾದವು. ಪತ್ರಿಕೆಗಳೆಲ್ಲ ಇಬ್ಬರು ಹೆಂಗಸರ ಪ್ರೇಮದ ಬಗ್ಗೆ ಬರೆದವು. ನಮಗೆ ಮನಸ್ಸಿನಲ್ಲಿ ಉಳಿದದ್ದು ಆ ಪ್ಯಾಂಟು. ಅಣ್ಣನ ಅಂಗಿಯನ್ನು ಚಿಲಕ ಹಾಕಿದ ಕೋಣೆಯಲ್ಲಿ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು, ಸುಕ್ಕಾಗದಂತೆ ಮಡಚಿ ಮತ್ತೆ ಬೀರುವಿನಲ್ಲಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ.

ಬೀರುವಿನಿಂದ ಬೀದಿಗೆ ಬಂದದ್ದು ಪರಊರಿನ ಪುಣ್ಯ. ದಿಲ್ಲಿಯ ಸರೋಜಿನಿ ನಗರದಲ್ಲಿ ರಫ್ತಿನಿಂದ ಉಳಿದ ಬಟ್ಟೆಯ ರಾಶಿಯ ಮುಂದೆ ಯಾರು ಯಾವ ಅಂಗಿ ಎತ್ತಿ ನೋಡಿದರೂ ಕೇಳುವವರಿಲ್ಲ. ಮುಂಬಯಿಯ ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಅಂಗಿಯ ಬಟ್ಟೆ ಕೇಳಿದರೆ ಎಷ್ಟು ಮೀಟರು ಎನ್ನುತ್ತಾರೆಯೇ ಹೊರತು ಯಾರಿಗೆ ಎನ್ನುವುದಿಲ್ಲ. ಸಂಬಳ ನಮ್ಮದು, ಬಾಡಿಗೆಯ ಕೋಣೆ ನಮ್ಮದು. ಊರಿನ ಮದುವೆ ಮುಂಜಿಗಳ ಕಣ್ಣು ಸಾವಿರ ಕಿಲೋಮೀಟರು ದೂರದಲ್ಲಿತ್ತು.

ಆದರೆ ಕೊಂಡ ಮಾತ್ರಕ್ಕೆ ಅಂಗಿ ನಮ್ಮದಾಗುವುದಿಲ್ಲ. ಗಂಡಸರ ಅಂಗಿಯನ್ನು ಗಂಡಸಿನ ಮೈಗೆ ಕತ್ತರಿಸಿರುತ್ತಾರೆ. ಭುಜದ ಹೊಲಿಗೆ ತೋಳಿನ ಮೇಲಕ್ಕೆ ಇಳಿಯುತ್ತದೆ, ಎದೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ, ಸೊಂಟದ ಕೆಳಗೆ ಬಿಗಿಯುತ್ತದೆ, ಮುಂಗೈಯ ಪಟ್ಟಿ ಬೆರಳಿನ ಗೆಣ್ಣು ಮುಟ್ಟುತ್ತದೆ. ಗಂಡಸರ ಬೂಟು ನಮ್ಮ ಪಾದಕ್ಕೆ ದೊಡ್ಡದಾಗಿ, ಶಾಲೆಯ ಹುಡುಗರ ಬೂಟಿನ ಅಂಗಡಿಗೆ ಹೋಗಬೇಕಾಗುತ್ತದೆ. ವರ್ಷಗಟ್ಟಲೆ ನಾವು ಸಡಿಲ ಅಂಗಿಗಳಲ್ಲಿ ಅಡಗಿಕೊಂಡಂತೆ ಓಡಾಡಿದೆವು. ಆಮೇಲೆ ಒಬ್ಬೊಬ್ಬರಿಗೂ ಒಬ್ಬ ದರ್ಜಿ ಸಿಕ್ಕ. ಎದೆ ಮತ್ತು ಸೊಂಟಕ್ಕೆ ಸರಿಹೋಗುವ ದೊಡ್ಡ ಅಳತೆಯ ಅಂಗಿ ಕೊಂಡು ಭುಜವನ್ನೂ ತೋಳನ್ನೂ ಒಳಗೆ ಹಿಡಿಸುವುದು, ಎದೆಯ ಬಳಿ ಒಳಗಡೆ ಇನ್ನೊಂದು ಗುಂಡಿ ಇಡಿಸುವುದು, ಪ್ಯಾಂಟಿನ ಸೊಂಟ ಮೇಲೇರಿಸಿ ಮುಂದೆ ನೆರಿಗೆ ಕೊಡಿಸುವುದು: ಇವನ್ನೆಲ್ಲ ಯಾವ ಪತ್ರಿಕೆಯೂ ನಮಗೆ ಕಲಿಸಲಿಲ್ಲ. ಅಳತೆಯ ಟೇಪು ಹಿಡಿದ ದರ್ಜಿ ‘ಲೇಡೀಸ್ ಕಟ್ಟಾ, ಜೆಂಟ್ಸ್ ಕಟ್ಟಾ’ ಎಂದು ಕೇಳಿದಾಗ ತಡವರಿಸದೆ ಉತ್ತರಿಸಲು ಧೈರ್ಯ ಬೇಕು. ಆ ಉತ್ತರವನ್ನು ಹೇಳಿದ ದಿನದಿಂದ ನಮ್ಮ ಬೆನ್ನು ನೆಟ್ಟಗಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಮೊದಮೊದಲು ನಾವು ಯಾರನ್ನಾದರೂ ಹೋಲಬೇಕೆಂದು ಉಡುತ್ತಿದ್ದೆವು: ಒಬ್ಬ ನಾಯಕನಟನನ್ನು, ಕಾಲೇಜಿನ ಒಬ್ಬ ಮೇಷ್ಟ್ರನ್ನು, ಹಳೆಯ ಪಟದಲ್ಲಿನ ತಾತನನ್ನು. ಕ್ರಮೇಣ ಒಂದೊಂದೇ ಕಳಚಿಬಿತ್ತು. ಟೈ ನಮಗೆ ಒಗ್ಗಲಿಲ್ಲ, ಬಿಟ್ಟೆವು. ಮೂಗುತಿ ಬೇಕೆನಿಸಿತು, ಇಟ್ಟುಕೊಂಡೆವು. ನಮ್ಮಲ್ಲೊಬ್ಬಳು ಇಳಕಲ್ಲಿನ ಸೀರೆಯ ಸೆರಗನ್ನು ಕತ್ತರಿಸಿ ಬಂದ್‌ಗಲಾ ಕೋಟಿಗೆ ಒಳಪದರ ಕೊಡಿಸಿದಳು. ಗುಂಡಿ ಬಿಚ್ಚಿದಾಗ ಮಾತ್ರ ಆ ಕೆಂಪು ಕಾಣುತ್ತದೆ. ಇನ್ನೊಬ್ಬಳಿಗೆ ತಿಳಿನೀಲಿ ಅಂಗಿ, ಬೂದು ಪ್ಯಾಂಟು, ಕೈಗಡಿಯಾರ, ಹಣೆಯಲ್ಲಿ ಕುಂಕುಮ. ಹೀಗೆ ಉಳಿದದ್ದು ಗಂಡಸರ ಶೈಲಿಯೂ ಅಲ್ಲ, ಅಂಗಡಿಯ ಗೊಂಬೆಯ ಶೈಲಿಯೂ ಅಲ್ಲ. ಶೈಲಿ ಎಂಬ ಮಾತಿಗೆ ನಾವು ಕಂಡ ಅರ್ಥ ಇಷ್ಟೇ: ಬೆಳಿಗ್ಗೆ ಕನ್ನಡಿಯ ಮುಂದೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲದ ಉಡುಪು.

ಇದಕ್ಕೆ ಎರಡು ಆಕ್ಷೇಪಗಳನ್ನು ಮತ್ತೆ ಮತ್ತೆ ಕೇಳಿದ್ದೇವೆ. ಮೊದಲನೆಯದು ಪ್ರಗತಿಪರರಿಂದ: ಹೆಣ್ಣು ಗಂಡಿನ ಉಡುಪು ಬಯಸುವುದೆಂದರೆ ಗಂಡೇ ಮೇಲು ಎಂದು ಒಪ್ಪಿದಂತಲ್ಲವೆ ಎಂದು. ಆಕ್ಷೇಪ ಹಗುರವಾದದ್ದಲ್ಲ. ಪ್ಯಾಂಟಿನ ಕಿಸೆಯಲ್ಲಿ ಗಂಡಸಿನ ಸವಲತ್ತೂ ಇದೆ ಎಂಬುದು ನಿಜ. ಕೈಚೀಲವಿಲ್ಲದೆ ಹೊರಗೆ ಹೊರಡುವ ಸುಖವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಂಡಸಿನ ಅಧಿಕಾರ ಅಂಗಿಯೊಡನೆ ನಮಗೆ ಬರಲಿಲ್ಲ. ಬಂದದ್ದು ಮನೆ ಬಾಡಿಗೆಗೆ ಕೇಳುವಾಗ ತಲೆಯಿಂದ ಕಾಲಿನವರೆಗೆ ಇಳಿಯುವ ನೋಟ, ಹೆಂಗಸರ ಶೌಚಾಲಯದ ಬಾಗಿಲಲ್ಲಿ ‘ಭೈಯಾ, ಇಧರ್ ನಹೀಂ’ ಎಂಬ ತಡೆ. ಅಧಿಕಾರದ ಆಸೆಗೆ ಈ ಉಡುಪು ತೊಟ್ಟಿದ್ದರೆ ಮೊದಲ ವಾರವೇ ಬಿಚ್ಚಿಡುತ್ತಿದ್ದೆವು.

ಎರಡನೆಯದು ಸಂಸ್ಕೃತಿಯ ಹೆಸರಿನದು. ಇದನ್ನು ಹೇಳುವವರು ಇಂದು ನಾವು ಉಡುವ ಸೀರೆಯ ಚರಿತ್ರೆಯನ್ನು ನೋಡಬೇಕು. ರವಿಕೆ, ಲಂಗದ ಮೇಲೆ ನೆರಿಗೆ ಹಿಡಿದು ಸೆರಗನ್ನು ಎಡ ಭುಜಕ್ಕೆ ಹಾಕುವ ಕ್ರಮ ದೇಶದಾದ್ಯಂತ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ಠಾಕೂರರ ಮನೆಯ ಜ್ಞಾನದಾನಂದಿನಿ ದೇವಿ ಮುಂಬಯಿಯ ಪಾರಸಿ ಹೆಂಗಸರನ್ನು ನೋಡಿ ಕಲಿತು ಬಂಗಾಳಕ್ಕೆ ಒಯ್ದದ್ದು ಅದರ ಒಂದು ಮುಖ್ಯ ಘಟ್ಟ. ಧಾರವಾಡ, ಬೆಳಗಾವಿಯ ಕಡೆಯ ನಮ್ಮ ಅಜ್ಜಿಯರು ಉಟ್ಟದ್ದು ಕಚ್ಚೆ ಸೀರೆ, ಕಾಲುಗಳ ನಡುವೆ ಎಳೆದು ಹಿಂದೆ ಸಿಕ್ಕಿಸುವ ಕ್ರಮದಲ್ಲಿ ಗಂಡಸರ ಧೋತ್ರಕ್ಕೆ ಹತ್ತಿರದ್ದು. ಅದಕ್ಕೂ ಹಿಂದೆ ಹೋದರೆ, ಉಡುಪನ್ನೇ ತೊರೆದು ಹೊರಟ ಅಕ್ಕಮಹಾದೇವಿಯನ್ನು ನಾವು ತಾಯಿಯೆಂದು ಪೂಜಿಸುತ್ತೇವೆ. ಎಂಟು ನೂರು ವರ್ಷಗಳ ಹಿಂದೆ ತನ್ನ ಮೈಯ ಮೇಲೆ ಏನಿರಬೇಕು, ಏನಿರಬಾರದು ಎಂಬುದನ್ನು ತಾನೇ ನಿರ್ಧರಿಸಿದ ಹೆಣ್ಣನ್ನು ಗುಡಿಯಲ್ಲಿಟ್ಟವರಿಗೆ ಇಂದಿನ ಹುಡುಗಿಯೊಬ್ಬಳ ಕಾಲರಿನ ಅಂಗಿ ಕಷ್ಟವಾಗಬೇಕೆ?

ಕಾನೂನು ಈ ವಿಷಯದಲ್ಲಿ ಮನೆಗಿಂತ ಮುಂದಿದೆ. 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಬ್ಬ ವ್ಯಕ್ತಿ ತನ್ನ ಲಿಂಗಭಾವವನ್ನು ಉಡುಪು, ಮಾತು, ನಡೆಗಳ ಮೂಲಕ ವ್ಯಕ್ತಪಡಿಸುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಹೇಳಿತು. 2018ರ ಸೆಪ್ಟೆಂಬರ್ 6ರಂದು 377ನೇ ಕಲಮಿನ ತೀರ್ಪು ಬಂದಾಗ, ಒಪ್ಪಿಗೆಯಿಂದ ಕೂಡಿದ ವಯಸ್ಕರ ಪ್ರೀತಿ ಅಪರಾಧವಲ್ಲವೆಂದಾಯಿತು. ಮದುವೆಯ ಹಕ್ಕನ್ನು 2023ರಲ್ಲಿ ಅದೇ ನ್ಯಾಯಾಲಯ ಕೊಡಲಿಲ್ಲ. ಆ ನೋವು ಬೇರೆ. ಉಡುಪಿನ ಮಟ್ಟಿಗೆ ಸರ್ಕಾರಗಳ ಮಾತು ಒಂದೇ ಬಗೆಯಾಗಿಲ್ಲ. 2019ರಲ್ಲಿ ತಮಿಳುನಾಡು ಸರ್ಕಾರ ತನ್ನ ಸಚಿವಾಲಯದ ನೌಕರಿಯ ಹೆಂಗಸರಿಗೆ ಹೇಳಿದ ಪಟ್ಟಿಯಲ್ಲಿ ಸೀರೆ, ಸಲ್ವಾರ್, ದುಪಟ್ಟಾದೊಡನೆ ಚೂಡಿದಾರಗಳಷ್ಟೇ ಇದ್ದವು, 2021ರಲ್ಲಿ ಸಿ.ಬಿ.ಐ. ತನ್ನ ಮಹಿಳಾ ಸಿಬ್ಬಂದಿಗೆ ಹೇಳಿದ ಪಟ್ಟಿಯಲ್ಲಿ ಸೀರೆಯ ಜೊತೆಗೆ ಅಂಗಿ, ಪ್ಯಾಂಟುಗಳೂ ಇದ್ದವು. ಕಚೇರಿಯ ಹತ್ತು ಗಂಟೆಯಿಂದ ಆರು ಗಂಟೆಯವರೆಗಿನ ಹೊತ್ತನ್ನು ನಾವು ಹೇಗೋ ಗೆದ್ದುಕೊಂಡಿದ್ದೇವೆ.

ಗೆಲ್ಲಲಾಗದೆ ಉಳಿದಿರುವುದು ಭಾನುವಾರದ ಸಂಜೆ, ಅಂದರೆ ನಮ್ಮ ಕನ್ನಡ ಸಂಘಗಳ ಸಂಜೆ. ಈ ಲೇಖನ ಬರೆಯಲು ಕಾರಣವೂ ಅದೇ. ರಾಜ್ಯೋತ್ಸವದ ಆಮಂತ್ರಣದಲ್ಲಿ ‘ಮಹಿಳೆಯರು ಸೀರೆಯಲ್ಲಿ ಬರಬೇಕಾಗಿ ವಿನಂತಿ’ ಎಂಬ ಒಂದು ಸಾಲಿರುತ್ತದೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಬಲ್ಲೆವು. ಆದರೆ ಆ ಸಾಲು ಓದಿದ ನಮ್ಮಂಥವಳು ಎರಡರಲ್ಲಿ ಒಂದನ್ನು ಮಾಡುತ್ತಾಳೆ. ಮೂರು ಗಂಟೆಯ ಮಟ್ಟಿಗೆ ಬೇರೆಯವಳಾಗಿ ಬಂದು, ಬಿಸಿಬೇಳೆಬಾತು ತಿಂದು, ‘ಮದುವೆ ಯಾವಾಗಮ್ಮ’ ಎಂಬ ಪ್ರಶ್ನೆಗೆ ನಕ್ಕು ಹೋಗುತ್ತಾಳೆ. ಇಲ್ಲವೇ ಬರುವುದನ್ನೇ ನಿಲ್ಲಿಸುತ್ತಾಳೆ. ನಲವತ್ತರ ನಾವು ಮೊದಲನೆಯದನ್ನು ಮಾಡಿಕೊಂಡು ಬಂದೆವು, ಏಕೆಂದರೆ ನಮಗೆ ಕನ್ನಡ ಬೇಕಿತ್ತು. ಇಪ್ಪತ್ತರ ಹುಡುಗಿಯರು ಎರಡನೆಯದನ್ನು ಮಾಡುತ್ತಿದ್ದಾರೆ.

ಪರಊರಿನಲ್ಲಿ ಹುಟ್ಟಿ ಬೆಳೆದ ಈ ಹುಡುಗಿಯರ ಪಾಡನ್ನು ಯೋಚಿಸಿ. ತನ್ನನ್ನು ಮರ್ಯಾದೆಯಿಂದ ಕರೆಯುವ ಪದಗಳು ಅವಳಿಗೆ ಇಂಗ್ಲಿಷಿನಲ್ಲಿ ಸಿಗುತ್ತವೆ. ಗೆಳತಿಯೊಡನೆ ಅವಳು ಆಡುವ ಪ್ರೀತಿಯ ಮಾತು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಇರುತ್ತದೆ. ಕನ್ನಡದಲ್ಲಿ ಅವಳ ಕಿವಿಗೆ ಬಿದ್ದದ್ದು ‘ಗಂಡುಬೀರಿ’ ಎಂಬ ಒಂದು ಪದ, ಜೊತೆಗೆ ‘ಇದೇನೇ ನಿನ್ನ ಅವತಾರ’ ಎಂಬ ಒಂದು ವಾಕ್ಯ. ಮನೆಯ ಭಾಷೆ ಅವಳಿಗೆ ಬೈಗುಳದ ಭಾಷೆಯಾಗಿ ಮಾತ್ರ ಉಳಿದರೆ, ಅವಳು ಅದನ್ನು ಮುಂದಿನ ತಲೆಮಾರಿಗೆ ಏಕೆ ದಾಟಿಸುತ್ತಾಳೆ? ಹೊರನಾಡಿನಲ್ಲಿ ಕನ್ನಡ ಅಳಿಯುತ್ತಿದೆ ಎಂದು ವೇದಿಕೆಯಲ್ಲಿ ಕಣ್ಣೀರಿಡುವ ನಾವೆಲ್ಲ ಬಾಗಿಲಲ್ಲಿ ಯಾರನ್ನು ತಡೆಯುತ್ತಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಬೇಕು. ‘ಬೀರ’ ಎಂಬುದು ‘ವೀರ’ದ ತದ್ಭವ. ಆ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ನಮ್ಮ ನಮ್ಮಲ್ಲಿ ಆ ಬೈಗುಳವನ್ನು ಸಲುಗೆಯ ಹೆಸರಾಗಿ ಬಳಸತೊಡಗಿ ವರ್ಷಗಳಾದವು. ನೀವೂ ಹಾಗೆ ಬಳಸಿ ಎಂದು ಕೇಳುವುದಿಲ್ಲ, ಬೈಗುಳವಾಗಿ ಬಳಸದಿದ್ದರೆ ಸಾಕು.

ನಾವು ಕೇಳುವುದು ದೊಡ್ಡದಲ್ಲ. ಸನ್ಮಾನ ಬೇಡ, ವಿಚಾರಗೋಷ್ಠಿ ಬೇಡ, ನಮ್ಮ ಮನೆಯೊಳಗಿನ ಬದುಕಿನ ಬಗ್ಗೆ ಯಾರ ಒಪ್ಪಿಗೆಯೂ ಬೇಡ. ಮುಂದಿನ ನವೆಂಬರಿನ ಆಮಂತ್ರಣದಲ್ಲಿ ‘ಮಹಿಳೆಯರು ಸೀರೆಯಲ್ಲಿ, ಪುರುಷರು ಪಂಚೆಯಲ್ಲಿ’ ಎಂಬ ಸಾಲಿನ ಜಾಗದಲ್ಲಿ ‘ಎಲ್ಲರೂ ನಮ್ಮ ನಾಡಿನ ಉಡುಪಿನಲ್ಲಿ ಬನ್ನಿ’ ಎಂದು ಬರೆಯಿರಿ. ಜುಬ್ಬ, ಪಂಚೆ ತೊಟ್ಟು ಹೆಗಲ ಮೇಲೆ ಶಲ್ಯ ಹಾಕಿದ ಹುಡುಗಿಯೊಬ್ಬಳು ಬಂದರೆ, ಬೇರೆಯವರಿಗೆ ಕೊಡುವಂತೆಯೇ ಅವಳಿಗೂ ಒಂದು ಲೋಟ ಪಾನಕ ಕೊಡಿ, ಊರು ಯಾವುದು ಎಂದು ಕೇಳಿ, ಕೂರಲು ಜಾಗ ತೋರಿಸಿ. ಅವಳ ಪಂಚೆಯ ಕಚ್ಚೆ ಸಡಿಲವಾಗಿದ್ದರೆ ಹಿರಿಯರಾರಾದರೂ ಸರಿಯಾಗಿ ಕಟ್ಟುವುದನ್ನು ಕಲಿಸಿಕೊಡಿ. ಪರಊರಿನಲ್ಲಿ ಬೆಳೆದ ಮಕ್ಕಳಿಗೆ ಅದು ಅಷ್ಟು ಬೇಗ ಬರುವುದಿಲ್ಲ.